ಬಣ್ಣ ಬದಲಿಸುವ ಮುನ್ನ

ಆಟವೆಂದ ಮೇಲೆ ಎರಡು ಪಕ್ಷಗಳಿರಬೇಕು. ಪಕ್ಷಗಳ ನಡುವೆ ಒಂದು ಗೆರೆಯಿರಬೇಕು. ಕಬಡ್ಡಿಯ ಅಂಗಳದಲ್ಲಿ ಆ ಗೆರೆಯನ್ನು ಸುಣ್ಣದ ಪುಡಿಯಿಂದ ಎಳೆದಿರುತ್ತಾರೆ. ಆಟ ಮುಗಿದ ಮೇಲೆ ಗೆರೆಯೂ ಅಳಿಸಿಹೋಗುತ್ತದೆ, ಪಕ್ಷಗಳೂ ಅಳಿಸಿಹೋಗುತ್ತವೆ. ಇಂದು ಎದುರಾಳಿಯಾಗಿ ನಿಂತವನು ನಾಳೆ ನಮ್ಮ ಪಕ್ಷಕ್ಕೇ ಬರಬಹುದು. ಇದರಿಂದ ಯಾರ ಮನಸ್ಸೂ ನೋಯುವುದಿಲ್ಲ. ಏಕೆಂದರೆ ಆ ಪಕ್ಷದ ಆಯುಷ್ಯವೇ ಒಂದು ಸಂಜೆಯದು. ಆದರೆ ಇಡೀ ಭೂಮಂಡಲವನ್ನೇ ಅಂಗಳವನ್ನಾಗಿ ಮಾಡಿಕೊಂಡು, ವರ್ಷಗಟ್ಟಲೆ ಮುಗಿಯದೆ ನಡೆಯುವ ಆಟವೊಂದಿದ್ದರೆ? ಅಲ್ಲಿ ಒಂದು ಪಕ್ಷವನ್ನು ಬಿಟ್ಟು ಇನ್ನೊಂದನ್ನು ಸೇರುವುದು ಅಷ್ಟು ಸುಲಭವಾದ ಸಂಗತಿಯಾಗಿ ಉಳಿಯುವುದಿಲ್ಲ. ಅಂತಹ ಆಟಗಳು ನಮ್ಮ ಕಾಲದಲ್ಲಿ ಹುಟ್ಟಿವೆ. ಅವುಗಳ ಸ್ವರೂಪವೇನು, ಅಲ್ಲಿ ಪಕ್ಷಾಂತರಕ್ಕೆ ಇರುವ ಕಟ್ಟುಪಾಡುಗಳೇನು, ಅವುಗಳಿಂದ ಮನುಷ್ಯಸ್ವಭಾವದ ವಿಷಯವಾಗಿ ನಾವು ತಿಳಿಯಬಹುದಾದುದೇನು ಎಂಬುದನ್ನು ವಿಚಾರಿಸೋಣ.

ಈ ಆಟಗಳನ್ನು ಆಡಲು ಬೇಕಾದುದು ಒಂದು ಮೊಬೈಲ್ ಫೋನು ಮತ್ತು ಎರಡು ಕಾಲುಗಳು. ಕುಳಿತಲ್ಲೇ ಕುಳಿತು ಇವನ್ನು ಆಡಲಾಗದು. ಆಟಗಾರನು ಊರಿನಲ್ಲಿ ನಡೆದಾಡಬೇಕು. ಅವನು ನಡೆದಂತೆ ಫೋನಿನ ಭೂಪಟದ ಮೇಲೆ ಅವನನ್ನು ಸೂಚಿಸುವ ಗುರುತೂ ನಡೆಯುತ್ತದೆ. ಫೋನಿಗೆ ತಾನಿರುವ ಸ್ಥಳವು ತಿಳಿಯುವುದು ಹೇಗೆ? ನೆಲದಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಅಮೆರಿಕ ದೇಶದ ಜಿ.ಪಿ.ಎಸ್. ಉಪಗ್ರಹಗಳು ಭೂಮಿಯನ್ನು ಸುತ್ತುತ್ತಿವೆ. ಪ್ರತಿಯೊಂದರಲ್ಲಿಯೂ ಅತ್ಯಂತ ನಿಖರವಾದ ಪರಮಾಣು ಗಡಿಯಾರಗಳಿವೆ. ಉಪಗ್ರಹವು ತಾನೆಲ್ಲಿರುವೆನೆಂಬುದನ್ನೂ ಆ ಕ್ಷಣದ ಕಾಲವನ್ನೂ ರೇಡಿಯೋ ಅಲೆಗಳ ಮೂಲಕ ಸಾರುತ್ತಲೇ ಇರುತ್ತದೆ. ಆ ಅಲೆಗಳು ಬಂದು ತಲಪಲು ಹಿಡಿದ ಹೊತ್ತನ್ನು ಲೆಕ್ಕ ಹಾಕಿ ಫೋನು ಪ್ರತಿಯೊಂದು ಉಪಗ್ರಹದ ದೂರವನ್ನು ಕಂಡುಕೊಳ್ಳುತ್ತದೆ. ನಾಲ್ಕು ಉಪಗ್ರಹಗಳ ಲೆಕ್ಕ ಸಿಕ್ಕಿದರೆ ತಾನಿರುವ ಸ್ಥಳವು ಗೊತ್ತಾಗುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಕಾಲ ತಪ್ಪಿದರೂ ದೂರದ ಲೆಕ್ಕವು 300 ಮೀಟರು ತಪ್ಪುತ್ತದೆ. ಇಷ್ಟು ಸೂಕ್ಷ್ಮವಾದ ವಿಜ್ಞಾನವು ಈಗ ಆಟಕ್ಕೂ ಒದಗಿ ಬಂದಿದೆ.

ಮೊದಲು ಹೀಗಿರಲಿಲ್ಲ. ಸೈನ್ಯಕ್ಕೆಂದು ನಿರ್ಮಿಸಿದ ಈ ವ್ಯವಸ್ಥೆಯ ಸಂಕೇತಗಳನ್ನು ಸಾಮಾನ್ಯ ಜನರ ಮಟ್ಟಿಗೆ ಬೇಕೆಂದೇ ಮಸುಕುಗೊಳಿಸಲಾಗಿತ್ತು. 2000ದ ಮೇ ತಿಂಗಳಿನಲ್ಲಿ ಅಮೆರಿಕ ಸರ್ಕಾರವು ಆ ಮಸುಕನ್ನು ತೆಗೆದುಹಾಕಿತು. ಕೆಲವೇ ದಿನಗಳಲ್ಲಿ ಆರೆಗನ್ ರಾಜ್ಯದ ಹವ್ಯಾಸಿಯೊಬ್ಬನು ಕಾಡಿನ ಅಂಚಿನಲ್ಲಿ ಒಂದು ಡಬ್ಬಿಯನ್ನು ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿ, ಹುಡುಕಿರೆಂದು ಇತರರಿಗೆ ಸವಾಲು ಹಾಕಿದನು. ಜಿಯೋಕ್ಯಾಶಿಂಗ್ ಎಂಬ ಆಟವು ಹುಟ್ಟಿದ್ದು ಹೀಗೆ. ಅದರಲ್ಲಿ ಪಕ್ಷಗಳಿರಲಿಲ್ಲ, ಹುಡುಕುವ ಸಂತೋಷವಷ್ಟೇ ಇತ್ತು.

ಪಕ್ಷಗಳನ್ನು ತಂದ ಪ್ರಸಿದ್ಧ ಆಟವೆಂದರೆ ಇನ್‌ಗ್ರೆಸ್. ಗೂಗಲ್ ಸಂಸ್ಥೆಯೊಳಗೆ 2010ರಲ್ಲಿ ಜಾನ್ ಹ್ಯಾಂಕೆ ಎಂಬುವರ ನೇತೃತ್ವದಲ್ಲಿ ನಿಯಾಂಟಿಕ್ ಎಂಬ ಚಿಕ್ಕ ವಿಭಾಗವೊಂದು ಪ್ರಾರಂಭವಾಯಿತು. ಗೂಗಲ್ ಅರ್ಥ್ ಎಂಬ ಭೂಪಟಕ್ಕೆ ತಳಹದಿಯಾದ ಕೀಹೋಲ್ ಸಂಸ್ಥೆಯನ್ನು ನಡೆಸಿದ್ದವರೂ ಇವರೇ. ನಿಯಾಂಟಿಕ್ ಎಂಬುದು ಒಂದು ಹಳೆಯ ಹಡಗಿನ ಹೆಸರು. ಚಿನ್ನದ ಆಸೆಯಿಂದ ಜನರು ಕ್ಯಾಲಿಫೋರ್ನಿಯಕ್ಕೆ ನುಗ್ಗಿದ 1849ರಲ್ಲಿ ಸಾನ್ ಫ್ರಾನ್ಸಿಸ್ಕೋ ಸೇರಿದ ಆ ಹಡಗು ದಡದಲ್ಲೇ ಉಳಿದು ಉಗ್ರಾಣವಾಯಿತು. ಕ್ರಮೇಣ ನಗರವು ಅದರ ಮೇಲೆಯೇ ಬೆಳೆಯಿತು. ನಡೆದಾಡುವ ಬೀದಿಯ ಕೆಳಗೆ ಕಾಣದ ಕಥೆಯೊಂದು ಅಡಗಿದೆ ಎಂಬ ಭಾವನೆಯೇ ಈ ಆಟಗಳ ಜೀವಾಳ.

ಇನ್‌ಗ್ರೆಸ್ ಆಟವು 2012ರ ನವೆಂಬರಿನಲ್ಲಿ ಆಹ್ವಾನಿತರಿಗೆ ಮಾತ್ರ ದೊರೆಯಿತು. 2013ರ ಡಿಸೆಂಬರಿನಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಊರಿನ ಪ್ರತಿಮೆ, ದೇವಾಲಯ, ಗ್ರಂಥಾಲಯ, ಹಳೆಯ ಕಟ್ಟಡ ಮುಂತಾದ ನಿಜವಾದ ಸ್ಥಳಗಳೇ ಈ ಆಟದಲ್ಲಿ ‘ಪೋರ್ಟಲ್’ಗಳು, ಎಂದರೆ ದ್ವಾರಗಳು. ಅವುಗಳ ಮೂಲಕ ನಿಗೂಢವಾದ ಶಕ್ತಿಯೊಂದು ನಮ್ಮ ಲೋಕಕ್ಕೆ ಹರಿದು ಬರುತ್ತಿದೆ ಎಂಬುದು ಆಟದ ಕಲ್ಪಿತ ಕಥೆ. ಆ ಶಕ್ತಿಯು ಮಾನವರನ್ನು ಉನ್ನತಿಗೇರಿಸುತ್ತದೆ ಎಂದು ನಂಬುವವರು ಎನ್‌ಲೈಟನ್ಡ್ ಬಣದವರು. ಅವರ ಬಣ್ಣ ಹಸುರು. ಅದು ಮಾನವರನ್ನು ಅಡಿಯಾಳಾಗಿಸುತ್ತದೆ ಎಂದು ಎದುರಿಸುವವರು ರೆಸಿಸ್ಟೆನ್ಸ್ ಬಣದವರು. ಅವರ ಬಣ್ಣ ನೀಲಿ. ಒಂದು ದ್ವಾರವನ್ನು ತಮ್ಮದಾಗಿಸಿಕೊಳ್ಳಲು ಅದರ ಸುತ್ತ ಎಂಟರವರೆಗೆ ಅನುರಣಕಗಳನ್ನು ನೆಡಬೇಕು. ಮೂರು ದ್ವಾರಗಳನ್ನು ರೇಖೆಗಳಿಂದ ಕೂಡಿಸಿದರೆ ಒಂದು ತ್ರಿಕೋನವಾಗುತ್ತದೆ. ಅದರೊಳಗಿನ ಪ್ರದೇಶವು ಆ ಬಣದ ವಶಕ್ಕೆ ಬರುತ್ತದೆ. ದೊಡ್ಡ ತ್ರಿಕೋನವೊಂದನ್ನು ರಚಿಸಬೇಕಾದರೆ ಬೇರೆ ಬೇರೆ ಊರುಗಳ ಜನರು ಮೊದಲೇ ಮಾತಾಡಿಕೊಂಡು, ಹೊತ್ತಿಗೆ ಸರಿಯಾಗಿ ಬೇರೆ ಬೇರೆ ಸ್ಥಳಗಳಲ್ಲಿ ನಿಂತಿರಬೇಕು. ಪರಸ್ಪರ ನಂಬಿಕೆಯಿಲ್ಲದೆ ಇದು ಸಾಧ್ಯವಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಯಾಂಟಿಕ್ 2015ರಲ್ಲಿ ಗೂಗಲ್‌ನಿಂದ ಬೇರೆಯಾಗಿ ಸ್ವತಂತ್ರ ಸಂಸ್ಥೆಯಾಯಿತು. ಮರುವರ್ಷದ ಜುಲೈ ತಿಂಗಳಿನಲ್ಲಿ ಅದು ಹೊರತಂದ ಪೋಕೆಮಾನ್ ಗೋ ಜಗತ್ತಿನ ಬೀದಿಗಳನ್ನೆಲ್ಲ ಆಟಗಾರರಿಂದ ತುಂಬಿತು. ಭಾರತದಲ್ಲಿ ಅದು ಅಧಿಕೃತವಾಗಿ ಬಿಡುಗಡೆಯಾದದ್ದು 2016ರ ಡಿಸೆಂಬರಿನಲ್ಲಿ. ಇನ್‌ಗ್ರೆಸ್ ಆಟಗಾರರು ಗುರುತಿಸಿ ಕೊಟ್ಟಿದ್ದ ಅಸಂಖ್ಯ ಸ್ಥಳಗಳೇ ಈ ಹೊಸ ಆಟದ ತಂಗುದಾಣಗಳಾಗಿಯೂ ‘ಜಿಮ್’ ಎಂಬ ಗರಡಿಗಳಾಗಿಯೂ ಬಳಕೆಗೆ ಬಂದವು. ಇಲ್ಲಿ ಬಣಗಳು ಮೂರು: ನೀಲಿಯ ಮಿಸ್ಟಿಕ್, ಕೆಂಪಿನ ವೇಲರ್, ಹಳದಿಯ ಇನ್‌ಸ್ಟಿಂಕ್ಟ್. ಆಟಗಾರನು ಐದನೆಯ ಹಂತವನ್ನು ಮುಟ್ಟಿದಾಗ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿತ್ತು. 2017ರ ಜೂನ್ ತಿಂಗಳಿನ ಸುಧಾರಣೆಯ ತರುವಾಯ ಒಂದು ಗರಡಿಯಲ್ಲಿ ಒಂದೇ ಬಣದ ಆರು ಪ್ರಾಣಿಗಳು ಮಾತ್ರ ಕಾವಲು ನಿಲ್ಲಬಹುದೆಂಬ ನಿಯಮವಾಯಿತು. ಹೀಗೆ ಕಾವಲು ನಿಂತದ್ದಕ್ಕೆ ಪ್ರತಿಫಲವಾಗಿ ಆಟದ ನಾಣ್ಯಗಳು ದೊರೆಯುತ್ತವೆ.

ಐದನೆಯ ಹಂತವೆಂದರೆ ಆಟದ ಹೊಸ್ತಿಲು. ಆಗ ಆಟಗಾರನಿಗೆ ಬಣಗಳ ವಿಷಯವಾಗಿ ಏನೂ ತಿಳಿದಿರುವುದಿಲ್ಲ. ಒಬ್ಬನು ತನಗೆ ಕೆಂಪು ಇಷ್ಟವೆಂದು ಕೆಂಪನ್ನು ಆರಿಸುತ್ತಾನೆ. ಇನ್ನೊಬ್ಬನು ಕಣ್ಣಿಗೆ ಮೊದಲು ಬಿದ್ದದ್ದನ್ನು ಒತ್ತುತ್ತಾನೆ. ಹೀಗೆ ಒಂದು ಕ್ಷಣದಲ್ಲಿ ಮಾಡಿದ ಆಯ್ಕೆಯು ವರ್ಷಗಳ ಕಾಲ ಅವನಿಗೆ ಅಂಟಿಕೊಳ್ಳುತ್ತದೆ. ತರುವಾಯ ಅದನ್ನು ಬದಲಿಸಬೇಕೆಂಬ ಇಚ್ಛೆ ಹುಟ್ಟಲು ಕಾರಣಗಳು ಹಲವು. ಮನೆಯವರೆಲ್ಲರೂ ಒಂದು ಬಣದಲ್ಲಿದ್ದು ತಾನೊಬ್ಬನೇ ಇನ್ನೊಂದರಲ್ಲಿರಬಹುದು. ಕೆಲಸದ ನಿಮಿತ್ತ ಬೇರೆ ಊರಿಗೆ ಹೋದಾಗ ಅಲ್ಲಿ ತನ್ನ ಬಣ್ಣದವರೇ ಇಲ್ಲದಿರಬಹುದು. ತನ್ನ ಬಣವೇ ಊರನ್ನೆಲ್ಲ ಆಕ್ರಮಿಸಿದ್ದು ಆಟದ ಸ್ವಾರಸ್ಯವೇ ಹೋಗಿರಬಹುದು. ಜೊತೆಗಾರರೊಡನೆ ಮನಸ್ತಾಪ ಬಂದಿರಬಹುದು. ಗೆಲ್ಲುವವರ ಕಡೆ ಇರಬೇಕೆಂಬ ಬರಿಯ ಆಸೆಯೂ ಇರಬಹುದು. ಹೊರಗಿನಿಂದ ನೋಡುವವರಿಗೆ ಈ ಎಲ್ಲ ಪಕ್ಷಾಂತರಗಳೂ ಒಂದೇ ಬಗೆಯಾಗಿ ಕಾಣುತ್ತವೆ. ಒಳಗಿನ ಪ್ರೇರಣೆ ಮಾತ್ರ ಬೇರೆ ಬೇರೆ.

ಬಣ ಬದಲಾವಣೆಗೆ ಈ ಆಟಗಳು ಬಾಗಿಲನ್ನು ಮುಚ್ಚಿಲ್ಲ. ಆದರೆ ಅಗಲವಾಗಿ ತೆರೆದೂ ಇಲ್ಲ. ಇನ್‌ಗ್ರೆಸ್ಸಿನ ಮೊದಲ ವರ್ಷಗಳಲ್ಲಿ ಬಣ ಬದಲಿಸಬೇಕೆನ್ನುವವನು ಸಂಸ್ಥೆಯನ್ನು ಕೇಳಿಕೊಳ್ಳಬೇಕಾಗಿತ್ತು. ಒಪ್ಪಿಗೆ ದೊರೆತರೆ ಅವನು ಗಳಿಸಿದ್ದ ಅಂಕಗಳು ಅಳಿಸಿಹೋಗಿ, ಮೊದಲನೆಯ ಮೆಟ್ಟಿಲಿನಿಂದ ಮತ್ತೆ ಹತ್ತಬೇಕಾಗುತ್ತಿತ್ತು. ಪೋಕೆಮಾನ್ ಗೋ ಆಟದಲ್ಲಿ ಮೊದಲು ಬಣ ಬದಲಿಸುವ ದಾರಿಯೇ ಇರಲಿಲ್ಲ. 2019ರ ಫೆಬ್ರವರಿಯಲ್ಲಿ ಅಲ್ಲಿಯೂ ತಂಡದ ಪದಕವೆಂಬ ಸಾಧನವು ಬಂದಿತು. ಅದರ ಬೆಲೆ ಆಟದ 1000 ನಾಣ್ಯಗಳು. ಒಮ್ಮೆ ಅದನ್ನು ಬಳಸಿದವನು ಮುಂದಿನ 365 ದಿನಗಳವರೆಗೆ ಮತ್ತೆ ಬಳಸುವಂತಿಲ್ಲ. ಗರಡಿಗಳನ್ನು ಕಾಯ್ದು ಆಗ ಒಂದು ದಿನಕ್ಕೆ ಗಳಿಸಬಹುದಾಗಿದ್ದುದು ಹೆಚ್ಚೆಂದರೆ 50 ನಾಣ್ಯಗಳು. ಎಂದರೆ, ಹಣ ಕೊಟ್ಟು ನಾಣ್ಯಗಳನ್ನು ಕೊಳ್ಳದೆ ಆಟದಿಂದಲೇ ಗಳಿಸುವವನಿಗೆ ಕಡಮೆಯೆಂದರೂ 20 ದಿನಗಳ ದುಡಿಮೆ ಬೇಕಾಗುತ್ತಿತ್ತು. ಆ ಆಟವು 2025ರಲ್ಲಿ ಸ್ಕೋಪ್ಲಿ ಎಂಬ ಮತ್ತೊಂದು ಸಂಸ್ಥೆಯ ಒಡೆತನಕ್ಕೆ ಸೇರಿತು.

ಪಕ್ಷಾಂತರಕ್ಕೆ ಇಷ್ಟು ಬೆಲೆಯನ್ನೇಕೆ ಕಟ್ಟಬೇಕು? ವಿಚಾರ ಮಾಡಿದರೆ ಮೂರು ಕಾರಣಗಳು ತೋರುತ್ತವೆ. ಮೊದಲನೆಯದು ಆಟದ ಸಮತೋಲ. ಬಣ ಬದಲಿಸುವುದು ತೀರ ಸುಲಭವಾದರೆ ಬಹುಮಂದಿ ಬಲವುಳ್ಳ ಕಡೆಗೇ ಹೋಗುತ್ತಾರೆ. ಬಲವುಳ್ಳವರು ಇನ್ನೂ ಬಲಗೊಂಡು, ದುರ್ಬಲರು ಇನ್ನೂ ಸೊರಗಿ, ಕೊನೆಗೆ ಎದುರಾಳಿಯೇ ಇಲ್ಲದಂತಾಗುತ್ತದೆ. ಎದುರಾಳಿಯಿಲ್ಲದ ಮೇಲೆ ಆಟವೆಲ್ಲಿಯದು? ಎರಡನೆಯದು ಲಾಭಕೋರತನದ ತಡೆ. ಬೆಳಿಗ್ಗೆ ನೀಲಿಯವನಾಗಿ ಒಂದು ಗರಡಿಯನ್ನು ಕೆಡವಿ, ಸಂಜೆ ಕೆಂಪಿನವನಾಗಿ ಅದನ್ನೇ ಕಾಯುತ್ತ ಎರಡು ಕಡೆಯ ಪ್ರತಿಫಲವನ್ನೂ ಪಡೆಯುವ ಚತುರರು ಹುಟ್ಟಿಕೊಳ್ಳುತ್ತಾರೆ. ಒಂದು ವರ್ಷದ ಅಂತರವು ಇಂತಹ ಚಾತುರ್ಯಕ್ಕೆ ಬೇಲಿಯಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಅದು ಜೊತೆಗಾರರ ನಂಬಿಕೆ. ಮುಂದಿನ ವಾರ ಎಲ್ಲಿ ಕೂಡಬೇಕು, ಯಾವ ದ್ವಾರಗಳನ್ನು ಜೋಡಿಸಬೇಕು ಎಂಬುದು ಬಣದವರಲ್ಲಿಯೇ ಗುಟ್ಟಾಗಿರುತ್ತದೆ. ಪಕ್ಷಾಂತರ ಮಾಡುವವನು ತನ್ನೊಡನೆ ಆ ಗುಟ್ಟುಗಳನ್ನೂ ಹೊತ್ತೊಯ್ಯುತ್ತಾನೆ. ಅಂಕಗಳ ನಷ್ಟವನ್ನು ಯಂತ್ರವು ಲೆಕ್ಕ ಹಾಕಬಲ್ಲದು; ನಂಬಿಕೆಯ ನಷ್ಟವನ್ನು ಯಾವ ಯಂತ್ರವೂ ಲೆಕ್ಕ ಹಾಕಲಾರದು.

ಬೆಲೆಯನ್ನು ತೆರಲು ಒಪ್ಪದ ಕೆಲವರು ಅಡ್ಡದಾರಿಯನ್ನು ಹಿಡಿಯುವುದುಂಟು. ಒಂದು ಬಣದಲ್ಲಿದ್ದುಕೊಂಡೇ ಬೇರೊಂದು ಹೆಸರಿನಿಂದ ಇನ್ನೊಂದು ಬಣವನ್ನೂ ಸೇರುತ್ತಾರೆ. ಒಬ್ಬನಿಗೆ ಒಂದೇ ಖಾತೆ ಎಂಬುದು ಈ ಆಟಗಳ ನಿಯಮವಾಗಿದ್ದು, ಎರಡನೆಯ ಖಾತೆಯನ್ನು ತೆರೆಯುವುದು ಅದಕ್ಕೆ ವಿರುದ್ಧ. ಮಹಾಭಾರತದ ಶಲ್ಯನನ್ನು ಇಲ್ಲಿ ನೆನೆಯಬಹುದು. ಪಾಂಡವರಿಗೆ ನೆರವಾಗಲು ಹೊರಟ ಅವನು ದುರ್ಯೋಧನನ ಉಪಚಾರದ ಬಲೆಗೆ ಬಿದ್ದು ಕೌರವರ ಕಡೆಗೆ ಮಾತುಕೊಟ್ಟನು. ಆದರೆ ಕರ್ಣನ ಸಾರಥಿಯಾಗಿ ಕುಳಿತು ಮಾತಿನಿಂದಲೇ ಅವನ ಧೈರ್ಯವನ್ನು ಕುಗ್ಗಿಸಿದನು. ದೇಹವೊಂದು ಪಕ್ಷದಲ್ಲಿ, ಮನಸ್ಸೊಂದು ಪಕ್ಷದಲ್ಲಿ ಇರುವ ಇಂತಹ ಸ್ಥಿತಿಯು ಬಹಿರಂಗವಾದ ಪಕ್ಷಾಂತರಕ್ಕಿಂತ ಹೆಚ್ಚು ಹಾನಿಕರವಾದುದು. ಹೇಳಿ ಹೋಗುವವನಿಂದ ಜೊತೆಗಾರರು ಎಚ್ಚರಗೊಳ್ಳಬಹುದು. ಹೇಳದೆ ಉಳಿಯುವವನಿಂದ ಎಚ್ಚರಗೊಳ್ಳುವುದು ಹೇಗೆ?

ಇಷ್ಟಾಗಿಯೂ ಒಂದು ಪ್ರಶ್ನೆ ಉಳಿಯುತ್ತದೆ. ಕೇವಲ ಬಣ್ಣವೊಂದನ್ನು ಒತ್ತಿದ ಮಾತ್ರಕ್ಕೆ ಮನುಷ್ಯನು ಅದಕ್ಕೆ ಇಷ್ಟೊಂದು ಕಟ್ಟುಬೀಳುವುದೇಕೆ? 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದರು. ಪೋಲೆಂಡಿನಲ್ಲಿ ಹುಟ್ಟಿದ ಯಹೂದಿಯರಾದ ಅವರು ಎರಡನೆಯ ಮಹಾಯುದ್ಧದ ಕಾಲದ ಜನಾಂಗಹತ್ಯೆಯಲ್ಲಿ ತಮ್ಮ ಬಂಧುಗಳನ್ನು ಕಳೆದುಕೊಂಡವರು. ಮನುಷ್ಯರು ‘ನಾವು’ ‘ಅವರು’ ಎಂದು ಒಡೆಯುವುದಕ್ಕೆ ಕನಿಷ್ಠ ಎಷ್ಟು ಕಾರಣ ಸಾಕು ಎಂಬುದು ಅವರನ್ನು ಕಾಡಿದ ಪ್ರಶ್ನೆ. ಅವರು ಪರೀಕ್ಷೆಗೆ ಆರಿಸಿಕೊಂಡವರು 14–15 ವರ್ಷದ ವಿದ್ಯಾರ್ಥಿಗಳು, ಎಂದರೆ ನಿಮ್ಮದೇ ವಯಸ್ಸಿನವರು. ಪರದೆಯ ಮೇಲೆ ಕ್ಷಣಕಾಲ ಮಿಂಚಿ ಮರೆಯಾಗುವ ಚುಕ್ಕೆಗಳ ಸಂಖ್ಯೆಯನ್ನು ಊಹಿಸುವಂತೆ ಅವರಿಗೆ ಹೇಳಲಾಯಿತು. ಅನಂತರ, ಹೆಚ್ಚಾಗಿ ಊಹಿಸಿದವರದು ಒಂದು ಗುಂಪು, ಕಡಮೆಯಾಗಿ ಊಹಿಸಿದವರದು ಇನ್ನೊಂದು ಗುಂಪು ಎಂದು ತಿಳಿಸಲಾಯಿತು. ವಾಸ್ತವವಾಗಿ ಆ ವಿಂಗಡಣೆಗೆ ಯಾವ ಆಧಾರವೂ ಇರಲಿಲ್ಲ. ಕೈಗೆ ಬಂದಂತೆ ಹಂಚಿದ್ದರು.

ಬಳಿಕ ಹುಡುಗರು ಇತರರಿಗೆ ಹಣದ ಬೆಲೆಯುಳ್ಳ ಅಂಕಗಳನ್ನು ಹಂಚಬೇಕಾಗಿತ್ತು. ಪಡೆಯುವವನು ಯಾರೆಂಬುದು ತಿಳಿಯದು. ಅವನ ಸಂಖ್ಯೆ ಮತ್ತು ಗುಂಪು ಮಾತ್ರ ತಿಳಿಯುತ್ತಿತ್ತು. ಹಂಚುವವನಿಗೆ ಅದರಿಂದ ಸ್ವಂತ ಲಾಭವೂ ಇರಲಿಲ್ಲ. ಆದರೂ ಹುಡುಗರು ತಮ್ಮ ಗುಂಪಿನವರಿಗೇ ಹೆಚ್ಚು ಕೊಟ್ಟರು. ಮತ್ತೊಂದು ಪರೀಕ್ಷೆಯಲ್ಲಿ ಇನ್ನೂ ವಿಚಿತ್ರವಾದ ಸಂಗತಿ ಕಂಡುಬಂದಿತು: ತಮ್ಮವರಿಗೆ ಸ್ವಲ್ಪ ಕಡಮೆಯಾದರೂ ಚಿಂತೆಯಿಲ್ಲ, ಅನ್ಯರಿಗಿಂತ ತಮ್ಮವರದು ಮೇಲಾಗಿರಬೇಕು ಎಂಬ ಒಲವು ಅವರ ಹಂಚಿಕೆಯಲ್ಲಿ ಎದ್ದು ಕಂಡಿತು. ಪೂರ್ವದ್ವೇಷವಿಲ್ಲದೆ, ಪರಿಚಯವಿಲ್ಲದೆ, ಲಾಭವಿಲ್ಲದೆ, ಬರಿಯ ಹೆಸರೊಂದರಿಂದಲೇ ಪಕ್ಷಪಾತವು ಹುಟ್ಟಬಲ್ಲದು ಎಂಬುದು ಇದರಿಂದ ಹೊರಪಟ್ಟಿತು. ಆಟದ ಬಣಗಳು ನಮ್ಮನ್ನು ಏಕೆ ಹಿಡಿದಿಡುತ್ತವೆ ಎಂಬುದಕ್ಕೆ ಉತ್ತರವೂ ಇಲ್ಲಿಯೇ ಇದೆ.

ಈ ಹಿಡಿತವು ಮಿತಿಮೀರಿದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಭಯಂಕರವಾದ ನಿದರ್ಶನವಿದೆ. ಪೂರ್ವ ರೋಮ್ ಸಾಮ್ರಾಜ್ಯದ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ರಥಗಳ ಓಟವು ಜನರ ಹುಚ್ಚಾಗಿತ್ತು. ಅಲ್ಲಿಯೂ ಪ್ರಬಲವಾಗಿದ್ದ ಬಣಗಳು ಎರಡು: ನೀಲಿ ಮತ್ತು ಹಸುರು. ಚಕ್ರವರ್ತಿ ಜಸ್ಟಿನಿಯನ್ ಕೂಡ ನೀಲಿಯ ಅಭಿಮಾನಿ. ಬಣಗಳ ಕಾದಾಟ ಬೀದಿಗಿಳಿದು, ಎರಡು ಕಡೆಯವರಿಗೂ ಶಿಕ್ಷೆಯಾಗಿ, 532ರ ಜನವರಿಯಲ್ಲಿ ಇಬ್ಬರೂ ಕೂಡಿ ಅರಸನ ಮೇಲೆಯೇ ದಂಗೆಯೆದ್ದರು. ‘ಗೆಲ್ಲು’ ಎಂಬ ಅರ್ಥದ ‘ನಿಕಾ’ ಎಂಬುದು ಅವರ ಕೂಗಾಗಿತ್ತು. ನಗರದ ಬಹುಭಾಗವು ಬೆಂಕಿಗೆ ಆಹುತಿಯಾಯಿತು. ದಂಗೆಯನ್ನಡಗಿಸಲು ಬಂದ ಸೈನ್ಯವು ಓಟದ ಮೈದಾನದಲ್ಲಿಯೇ 30,000ಕ್ಕೂ ಹೆಚ್ಚು ಜನರನ್ನು ಕೊಂದಿತೆಂದು ಆ ಕಾಲದ ಚರಿತ್ರಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ರಥದ ಬಣ್ಣದಿಂದ ಆರಂಭವಾದುದು ರಕ್ತದಲ್ಲಿ ಕೊನೆಗೊಂಡಿತು.

ಆದರೆ ಅದೇ ಮೈದಾನದಲ್ಲಿ, ಆ ದಂಗೆಗೆ ಕೆಲವು ದಶಕಗಳ ಹಿಂದೆ, ಪೋರ್ಫಿರಿಯಸ್ ಎಂಬ ಪ್ರಸಿದ್ಧ ಸಾರಥಿಯೊಬ್ಬನಿದ್ದನು. ಅವನು ತನ್ನ ಜೀವಮಾನದಲ್ಲಿ ನೀಲಿಯ ಪರವಾಗಿಯೂ ರಥವನ್ನು ನಡೆಸಿದನು, ಹಸುರಿನ ಪರವಾಗಿಯೂ ನಡೆಸಿದನು. ಒಂದಕ್ಕಿಂತ ಹೆಚ್ಚು ಸಲ ಬಣವನ್ನು ಬದಲಿಸಿದನು. ಜನರು ಅವನನ್ನು ದ್ರೋಹಿಯೆಂದು ತೆಗಳಲಿಲ್ಲ. ಎರಡು ಬಣದವರೂ ಅವನಿಗೆ ಪ್ರತಿಮೆಗಳನ್ನು ನಿಲ್ಲಿಸಿದರು. ಅವುಗಳಲ್ಲಿ ಎರಡರ ಪೀಠಗಳನ್ನು ಇಂದಿಗೂ ಇಸ್ತಾಂಬುಲಿನ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಅವನು ಯಾರ ಪರವಾಗಿ ಓಡಿದರೂ ಎಲ್ಲರ ಕಣ್ಣೆದುರಿನಲ್ಲಿ, ತನ್ನ ಪೂರ್ಣ ಸಾಮರ್ಥ್ಯದಿಂದ ಓಡಿದನು. ಅವನು ತೊಟ್ಟ ಬಣ್ಣ ಬದಲಾದರೂ ಅವನ ಕೌಶಲವು ಬದಲಾಗಲಿಲ್ಲ.

ನಮ್ಮ ಕಾವ್ಯಗಳೂ ಈ ವಿಷಯದಲ್ಲಿ ಒಂದೇ ಮಾತನ್ನು ಹೇಳುವುದಿಲ್ಲ. ಜನ್ಮರಹಸ್ಯವನ್ನು ತಿಳಿಸಿ ಶ್ರೀಕೃಷ್ಣನು ಕರೆದರೂ ಕರ್ಣನು ದುರ್ಯೋಧನನನ್ನು ಬಿಡಲಿಲ್ಲ. ಅನ್ನದ ಋಣವನ್ನೂ ಸ್ನೇಹವನ್ನೂ ರಾಜ್ಯಕ್ಕಿಂತ ಮಿಗಿಲೆಂದು ಎಣಿಸಿದನು. ಕನ್ನಡ ಕವಿಗಳು ಅವನ ನಿಷ್ಠೆಗೆ ಮನಸೋತಿದ್ದಾರೆ. ಅದೇ ಯುದ್ಧದಲ್ಲಿ ಧೃತರಾಷ್ಟ್ರನ ಮಗನಾದ ಯುಯುತ್ಸುವು, ಧರ್ಮರಾಯನ ಕರೆಗೆ ಓಗೊಟ್ಟು, ಎರಡು ಸೇನೆಗಳೂ ನೋಡುತ್ತಿರುವಂತೆ ಕೌರವರನ್ನು ಬಿಟ್ಟು ಪಾಂಡವರ ಕಡೆಗೆ ನಡೆದು ಬಂದನು. ವಿಭೀಷಣನಾದರೋ ಮೊದಲು ಅಣ್ಣನಿಗೆ ಹಿತವನ್ನು ಹೇಳಿ, ಅದು ವ್ಯರ್ಥವಾದ ಮೇಲೆ ಲಂಕೆಯನ್ನು ತೊರೆದನು. ಉಳಿದವನೂ ಪೂಜ್ಯನೇ, ಹೊರಟವರೂ ಪೂಜ್ಯರೇ. ಉಳಿದಿದ್ದಕ್ಕೂ ಹೊರಟದ್ದಕ್ಕೂ ಲಾಭದಾಸೆ ಕಾರಣವಾಗಿರಲಿಲ್ಲ, ಗುಟ್ಟೂ ಇರಲಿಲ್ಲ ಎಂಬುದೇ ಇದರ ಮರ್ಮ.

ಆಟದ ಪಕ್ಷಾಂತರವನ್ನೂ ರಾಜಕೀಯದ ಪಕ್ಷಾಂತರವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಚುನಾಯಿತ ಪ್ರತಿನಿಧಿಯ ಹಿಂದೆ ಅವನನ್ನು ಕಳುಹಿಸಿದ ಮತದಾರರಿರುತ್ತಾರೆ. ಅವನು ಪಕ್ಷವನ್ನು ಬದಲಿಸಿದರೆ ಅವರ ಮಾತೂ ಬದಲಾದಂತಾಗುತ್ತದೆ. ಆದುದರಿಂದಲೇ 1985ರಲ್ಲಿ ನಮ್ಮ ಸಂವಿಧಾನಕ್ಕೆ 52ನೆಯ ತಿದ್ದುಪಡಿಯನ್ನು ತಂದು, ಹತ್ತನೆಯ ಅನುಸೂಚಿಯನ್ನು ಸೇರಿಸಿ, ಪಕ್ಷಾಂತರ ಮಾಡುವ ಶಾಸಕರ ಸ್ಥಾನವು ರದ್ದಾಗಲು ಅವಕಾಶ ಕಲ್ಪಿಸಲಾಯಿತು. ಆಟಗಾರನ ಹಿಂದೆ ಮತದಾರರಿಲ್ಲ, ಕೆಲವರು ಗೆಳೆಯರಿದ್ದಾರೆ. ಅವನು ಉತ್ತರ ಹೇಳಬೇಕಾದುದು ಅವರಿಗೆ ಮಾತ್ರ. ಹೊಣೆ ಚಿಕ್ಕದೆಂದು ಅದು ಹೊಣೆಯಲ್ಲದೆ ಹೋಗುವುದಿಲ್ಲ.

ಆದುದರಿಂದ ಬಣ್ಣವನ್ನು ಬದಲಿಸಬೇಕೆನ್ನುವವನು ಮೊದಲು ತನ್ನನ್ನೇ ಕೇಳಿಕೊಳ್ಳಬೇಕು: ‘ನಾನು ಹೋಗುತ್ತಿರುವುದು ಏಕೆ? ಇದನ್ನು ಜೊತೆಗಾರರ ಮುಖ ನೋಡಿ ಹೇಳಬಲ್ಲೆನೆ? ಅವರ ಗುಟ್ಟನ್ನು ಅಲ್ಲಿಯೇ ಬಿಟ್ಟು ಹೋಗಬಲ್ಲೆನೆ?’ ಉತ್ತರಗಳು ನೇರವಾಗಿದ್ದರೆ ಪಕ್ಷಾಂತರದಲ್ಲಿ ತಪ್ಪಿಲ್ಲ. ದುರ್ಬಲವಾದ ಬಣವನ್ನು ಸೇರಿ ಆಟದ ಸಮತೋಲವನ್ನು ಉಳಿಸುವವನಂತೂ ಎರಡು ಪಕ್ಷಗಳಿಗೂ ಉಪಕಾರ ಮಾಡಿದಂತೆ. ಉಳಿದವರಿಗೂ ಒಂದು ಕರ್ತವ್ಯವಿದೆ. ಹೊರಟುಹೋದ ಗೆಳೆಯನು ಆಟದಲ್ಲಿ ಮಾತ್ರ ಎದುರಾಳಿ. ಬೀದಿಯಲ್ಲಿ ಅವನು ಗೆಳೆಯನೇ. ಪೋಕೆಮಾನ್ ಗೋ ಆಟದಲ್ಲಿಯೇ ಬಲಶಾಲಿಯಾದ ಪ್ರಾಣಿಯೊಂದು ಗರಡಿಯಲ್ಲಿ ಕಾಣಿಸಿಕೊಂಡಾಗ ಮೂರು ಬಣ್ಣದವರೂ ಒಟ್ಟಾಗಿ ನಿಂತು ಅದನ್ನು ಎದುರಿಸುತ್ತಾರೆ. ನಿನ್ನೆ ಕಾದಾಡಿದವರು ಇಂದು ಹೆಗಲಿಗೆ ಹೆಗಲು ಕೊಡುವ ಆ ನೋಟವು ಬಣ್ಣಗಳೆಲ್ಲವೂ ನಾವೇ ಹಚ್ಚಿಕೊಂಡವು ಎಂಬುದನ್ನು ನೆನಪಿಗೆ ತರುತ್ತದೆ. ಹಚ್ಚಿಕೊಂಡ ಬಣ್ಣವನ್ನು ತೊಳೆಯಬಹುದು. ಒಮ್ಮೆ ಕಳೆದ ನಂಬಿಕೆಯನ್ನು ಮತ್ತೆ ಗಳಿಸುವುದು ಬಹು ಕಷ್ಟ.

ಅಭ್ಯಾಸ

1. ಮೊಬೈಲ್ ಫೋನು ತಾನಿರುವ ಸ್ಥಳವನ್ನು ಕಂಡುಕೊಳ್ಳುವ ರೀತಿಯನ್ನು ವಿವರಿಸಿರಿ.
2. ಆಟಗಳಲ್ಲಿ ಬಣ ಬದಲಾವಣೆಯನ್ನು ಸುಲಭಗೊಳಿಸದಿರಲು ಲೇಖಕರು ಕೊಡುವ ಮೂರು ಕಾರಣಗಳಾವುವು?
3. ತಾಜ್‌ಫೆಲ್ ಅವರ ಪರೀಕ್ಷೆಯಿಂದ ಮನುಷ್ಯಸ್ವಭಾವದ ಬಗ್ಗೆ ತಿಳಿದುಬರುವುದೇನು?
4. ಶಲ್ಯ ಮತ್ತು ಯುಯುತ್ಸು ಇವರ ನಡತೆಯಲ್ಲಿರುವ ವ್ಯತ್ಯಾಸವನ್ನು ತಿಳಿಸಿರಿ.
5. ‘ಹೊಣೆ ಚಿಕ್ಕದೆಂದು ಅದು ಹೊಣೆಯಲ್ಲದೆ ಹೋಗುವುದಿಲ್ಲ’ — ಈ ಮಾತನ್ನು ನಿಮ್ಮ ಅನುಭವದ ಉದಾಹರಣೆಯೊಡನೆ ಸ್ಪಷ್ಟಪಡಿಸಿರಿ.